ಹಡಗಿನ ವಿಹಾರ: ದರಪಟ್ಟಿಯಲ್ಲಿ ಕಾಣದ ಖರ್ಚು, ಟಿಕೆಟ್ಟಿನಲ್ಲಿ ಓದದ ಷರತ್ತು

ವರ್ಷದ ಮಾರಾಟದ ಗುರಿ ಮುಟ್ಟಿದ ಡೀಲರುಗಳಿಗೆ ಸಿಮೆಂಟ್, ಬಣ್ಣ, ಕೀಟನಾಶಕ ಕಂಪನಿಗಳು ಪ್ರವಾಸದ ಬಹುಮಾನ ನೀಡುವುದು ಹಳೆಯ ಪದ್ಧತಿ. ಗೋವಾ, ಬ್ಯಾಂಕಾಕ್, ದುಬೈಗಳ ಸಾಲಿಗೆ ಈಗ ಐಷಾರಾಮಿ ಪ್ರಯಾಣಿಕ ಹಡಗುಗಳೂ ಸೇರಿವೆ. ಸ್ವಂತ ಹಣದಲ್ಲಿ ಕುಟುಂಬ ಸಮೇತ ಹೊರಡುವ ವರ್ತಕರೂ ಇದ್ದಾರೆ. ಆದರೆ ಹೋಗಿ ಬಂದವರೆಲ್ಲರೂ ತೃಪ್ತರಾಗಿ ಮರಳುವುದಿಲ್ಲ. ಕಿಟಕಿಯಿಲ್ಲದ ಕೋಣೆ, ಊಟಕ್ಕೆ ಸರತಿ, ತಲುಪದೇ ಉಳಿದ ಬಂದರು, ಕೊನೆಯ ದಿನ ಕೈಗೆ ಬರುವ ದೊಡ್ಡ ಬಿಲ್ಲು ಇವು ಸಾಮಾನ್ಯವಾಗಿ ಕೇಳಿಬರುವ ದೂರುಗಳು.

ಪ್ರಯಾಣದ ಲೆಕ್ಕಾಚಾರ ನಮ್ಮ ಸೀಮೆಗೆ ಹೊಸದಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳ. ಅವರ ಬಂಜಾರ ಸಮುದಾಯವು ರೈಲು, ಲಾರಿಗಳು ಬರುವುದಕ್ಕೆ ಮುನ್ನ ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸಗಳನ್ನು ಹೇರಿ ದೂರದ ನಾಡುಗಳಿಗೆ ಸಾಗಿಸುತ್ತಿತ್ತು. ಮೇವು, ನೀರು, ದಾರಿಯ ಅಪಾಯಗಳನ್ನು ಮೊದಲೇ ಅಂದಾಜು ಮಾಡದೆ ಅಂತಹ ವ್ಯಾಪಾರ ನಡೆಯುವಂತಿರಲಿಲ್ಲ. ಇಂದು ಲಾರಿ ರಸೀದಿಯ ಹಿಂಬದಿಯನ್ನೂ ಓದುವ ವರ್ತಕನು ಹಡಗಿನ ಟಿಕೆಟ್ಟಿನ ಷರತ್ತುಗಳನ್ನು ಮಾತ್ರ ಓದದೆ ಒಪ್ಪಿಬಿಡುವುದುಂಟು.

ಗೋವಾದಿಂದ ಮರಳಿದ ಹಡಗು

2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಸಂಸ್ಥೆಯು ಮುಂಬಯಿಯಿಂದ ‘ಎಂಪ್ರೆಸ್’ ಹಡಗಿನ ವಿಹಾರ ಸಂಚಾರವನ್ನು ಆರಂಭಿಸಿತು. 2022ರ ಹೊಸ ವರ್ಷದ ಪ್ರಯಾಣದಲ್ಲಿ ಸಿಬ್ಬಂದಿಯೊಬ್ಬರಿಗೆ ಕೋವಿಡ್ ಇರುವುದು ಪತ್ತೆಯಾಯಿತು. ಗೋವಾದ ಮುರ್ಗಾಂವ ಬಂದರಿನ ಬಳಿ ಎಲ್ಲರ ತಪಾಸಣೆ ನಡೆಸಲಾಗಿ, ಸುಮಾರು 2,000 ಜನರಲ್ಲಿ 66 ಮಂದಿಗೆ ಸೋಂಕು ಕಂಡುಬಂತು. ಪ್ರಯಾಣಿಕರಿಗೆ ಗೋವಾದಲ್ಲಿ ಇಳಿಯುವ ಅವಕಾಶ ದೊರೆಯಲಿಲ್ಲ. ಹಡಗು ಮುಂಬಯಿಗೆ ಮರಳಿತು.

ಇದಕ್ಕೂ ಮುನ್ನ, 2020ರ ಫೆಬ್ರವರಿಯಲ್ಲಿ ಜಪಾನಿನ ಯೋಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಪ್ರತ್ಯೇಕವಾಸದಲ್ಲಿ ಇರಿಸಲಾಗಿತ್ತು. ಅದರಲ್ಲಿದ್ದ 3,711 ಜನರಲ್ಲಿ 138 ಮಂದಿ ಭಾರತೀಯರು; ಆ ಪೈಕಿ 132 ಮಂದಿ ಹಡಗಿನ ನೌಕರರು. 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಪ್ರಯಾಣಿಕರಿಗೆ ಸಂಸ್ಥೆಯು ಪೂರ್ಣ ದರವನ್ನು ಹಿಂದಿರುಗಿಸಿತು.

ಸಾಂಕ್ರಾಮಿಕವಿಲ್ಲದ ಕಾಲದಲ್ಲಿಯೂ ಹಡಗು ಕೈಕೊಡಬಹುದು. 2013ರ ಫೆಬ್ರವರಿ 10ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ‘ಕಾರ್ನಿವಲ್ ಟ್ರಯಂಫ್’ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದು ವಿದ್ಯುತ್ ನಿಂತಿತು. 4,000ಕ್ಕೂ ಹೆಚ್ಚು ಜನರು ಶೌಚ ವ್ಯವಸ್ಥೆಯೂ ಕೆಟ್ಟ ಹಡಗಿನಲ್ಲಿ ದಿನಗಳನ್ನು ಕಳೆಯಬೇಕಾಯಿತು. ಟಗ್ ದೋಣಿಗಳು ಹಡಗನ್ನು ಅಮೆರಿಕದ ಮೊಬೈಲ್ ಬಂದರಿಗೆ ಎಳೆದು ತಂದದ್ದು 14ರ ರಾತ್ರಿ. ಸಂಸ್ಥೆಯು ದರ ವಾಪಸಾತಿಯೊಂದಿಗೆ ತಲಾ 500 ಡಾಲರ್ ಪರಿಹಾರ ಘೋಷಿಸಿತು. ಹೋಟೆಲು ಸರಿಯಿಲ್ಲದಿದ್ದರೆ ಗಿರಾಕಿಯು ಎದ್ದು ಬೇರೆಡೆಗೆ ಹೋಗಬಹುದು. ನಡುಗಡಲಿನಲ್ಲಿ ಆ ಆಯ್ಕೆ ಇಲ್ಲ. ಆದಕಾರಣ ಹಣ ಪಾವತಿಗೆ ಮುನ್ನವೇ ವಿಚಾರಿಸಿಕೊಳ್ಳುವುದು ಅಗತ್ಯ.

ಆದಾಯದ ಮೂರನೇ ಒಂದು ಭಾಗ

ದರಪಟ್ಟಿಯಲ್ಲಿ ಕಾಣುವುದು ಕೇವಲ ಮೂಲ ದರ. ಪಾನೀಯ, ವಿಶೇಷ ಭೋಜನ, ಇಂಟರ್‌ನೆಟ್, ಬಂದರಿನಲ್ಲಿ ಊರು ತೋರಿಸುವ ಪ್ರವಾಸ ಇವುಗಳಿಗೆ ಅನೇಕ ಹಡಗುಗಳಲ್ಲಿ ಬೇರೆಯೇ ಹಣ ತೆರಬೇಕು. ಹಲವು ಹಡಗುಗಳಲ್ಲಿ ಸಿಬ್ಬಂದಿಯ ಭಕ್ಷೀಸನ್ನೂ ದಿನಕ್ಕೆ ತಲಾ ಇಷ್ಟೆಂದು ಬಿಲ್ಲಿಗೆ ಸೇರಿಸುತ್ತಾರೆ. ಜಗತ್ತಿನ ಅತಿ ದೊಡ್ಡ ವಿಹಾರ ಹಡಗು ಸಂಸ್ಥೆಯಾದ ಕಾರ್ನಿವಲ್‌ನ 2023ರ ಒಟ್ಟು ಆದಾಯ ಸುಮಾರು 2,160 ಕೋಟಿ ಡಾಲರ್. ಅದರಲ್ಲಿ ಮೂರನೇ ಒಂದು ಭಾಗಕ್ಕೂ ತುಸು ಹೆಚ್ಚು ಬಂದದ್ದು ಟಿಕೆಟ್ಟಿನಿಂದಲ್ಲ, ಹಡಗಿನೊಳಗಿನ ಮಾರಾಟ ಮತ್ತಿತರ ಬಾಬುಗಳಿಂದ. ಕಡಿಮೆ ದರಕ್ಕೆ ಗಿರಾಕಿಯನ್ನು ಒಳಗೆ ಕರೆದು, ಲಾಭವನ್ನು ಬೇರೆ ಸರಕಿನಲ್ಲಿ ಗಳಿಸುವ ಈ ತಂತ್ರ ವರ್ತಕರಿಗೆ ಅಪರಿಚಿತವೇನಲ್ಲ.

‘ಉಚಿತ’ ಪ್ರವಾಸದ ತೆರಿಗೆ

ಕಂಪನಿ ಕೊಡುವ ಪ್ರವಾಸ ಪೂರ್ಣ ಉಚಿತವೆಂಬ ಭಾವನೆ ಸರಿಯಲ್ಲ. 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿದ 194ಆರ್ ಕಲಮು 2022ರ ಜುಲೈ 1ರಿಂದ ಜಾರಿಗೆ ಬಂದಿತು. ಅದರಂತೆ, ವ್ಯಾಪಾರ ಸಂಬಂಧದಿಂದ ದೊರೆಯುವ ಸೌಲಭ್ಯದ ಮೌಲ್ಯ ವರ್ಷಕ್ಕೆ 20,000 ರೂ. ಮೀರಿದರೆ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡಬೇಕು. ಗುರಿ ಮುಟ್ಟಿದ ಡೀಲರುಗಳ ಪ್ರವಾಸಕ್ಕೂ ಇದು ಅನ್ವಯವೆಂದು ನೇರ ತೆರಿಗೆಗಳ ಕೇಂದ್ರ ಮಂಡಳಿಯು 2022ರ ಜೂನ್‌ನಲ್ಲಿಯೇ ಸ್ಪಷ್ಟಪಡಿಸಿತ್ತು. 2025ರ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾದರೂ ತತ್ವ ಉಳಿದಿದೆ.

ಉದಾಹರಣೆಗೆ, ಹೊನ್ನಾಳಿಯ ಡೀಲರೊಬ್ಬರು ಪತ್ನಿಯೊಡನೆ ಹೋದ ಹಡಗಿನ ವಿಹಾರದ ಮೌಲ್ಯ 1,20,000 ರೂ. ಎಂದಿಟ್ಟುಕೊಳ್ಳೋಣ. ಮೂಲದಲ್ಲಿ ಕಡಿತವಾಗುವುದು 12,000 ರೂ. ಆ ಮೌಲ್ಯ ಅವರ ವ್ಯಾಪಾರದ ಆದಾಯಕ್ಕೂ ಸೇರುತ್ತದೆ. ಅವರು ಶೇ. 30ರ ತೆರಿಗೆ ಹಂತದಲ್ಲಿದ್ದರೆ ಸೆಸ್ ಬಿಟ್ಟು ಒಟ್ಟು ತೆರಿಗೆ 36,000 ರೂ.; ಕಡಿತವಾದದ್ದನ್ನು ಕಳೆದರೆ ಇನ್ನೂ 24,000 ರೂ. ಕಟ್ಟಬೇಕು. ಮುಂಬಯಿಗೆ ಹೋಗಿ ಬರುವ ಖರ್ಚನ್ನು ಕಂಪನಿ ಭರಿಸದಿದ್ದರೆ ಅದೂ, ಹಡಗಿನೊಳಗಿನ ಖರ್ಚೂ ಬೇರೆ. ಸ್ವಂತ ಹಣದಲ್ಲಿ ಹೋಗುವವರು ಕುಟುಂಬದ ವಿಹಾರವನ್ನು ಅಂಗಡಿಯ ವೆಚ್ಚವೆಂದು ಬರೆಯುವಂತಿಲ್ಲ.

ನ್ಯಾಯ ಯಾವ ಊರಿನಲ್ಲಿ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ದಂಪತಿಯೊಬ್ಬರ ಪ್ರಕರಣ ಇಲ್ಲಿ ಬೋಧಪ್ರದ. ಹಡಗಿನಲ್ಲಿ ಜಾರಿ ಬಿದ್ದು ಪೆಟ್ಟಾದ ಪತ್ನಿಯ ಪರವಾಗಿ ಅವರು ತಮ್ಮ ರಾಜ್ಯದಲ್ಲೇ ದಾವೆ ಹೂಡಿದರು. ದಾವೆಗಳನ್ನು ಫ್ಲೋರಿಡಾದಲ್ಲಿಯೇ ಹೂಡಬೇಕೆಂಬ ಸಾಲು ಟಿಕೆಟ್ಟಿನಲ್ಲಿ ಅಚ್ಚಾಗಿತ್ತು. 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಷರತ್ತನ್ನು ಎತ್ತಿಹಿಡಿಯಿತು.

ನಮ್ಮ ದೇಶದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು 2020ರ ಜುಲೈನಿಂದ ಜಾರಿಯಲ್ಲಿದ್ದು, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ದೂರಿಗೆ ಎರಡು ವರ್ಷಗಳ ಕಾಲಮಿತಿಯಿದೆ. ಆದರೆ ರಸೀದಿ, ದರಪಟ್ಟಿ, ಪತ್ರವ್ಯವಹಾರ ಇಲ್ಲದೆ ಯಾವ ಆಯೋಗದ ಮುಂದೆಯೂ ವಾದ ನಿಲ್ಲುವುದು ಕಷ್ಟ.

ಹಣ ಕೊಡುವ ಮುನ್ನ ವರ್ತಕರು ಈ ಅಂಶಗಳನ್ನು ಲಿಖಿತವಾಗಿ ಪಡೆದುಕೊಳ್ಳುವುದು ಒಳಿತು:

1. ಕೋಣೆ ಯಾವ ಅಂತಸ್ತಿನದು, ಕಿಟಕಿ ಇದೆಯೇ?
2. ದರದಲ್ಲಿ ಸೇರಿರುವುದೇನು, ಸೇರದಿರುವುದೇನು? ಸಸ್ಯಾಹಾರ ಪ್ರತ್ಯೇಕವಾಗಿ ಸಿಗುವುದೇ?
3. ಬಂದರು ತಪ್ಪಿದರೆ ಅಥವಾ ಪ್ರಯಾಣ ರದ್ದಾದರೆ ನಗದು ವಾಪಸೇ, ಮುಂದಿನ ಪ್ರಯಾಣಕ್ಕೆ ಜಮೆಯೇ?
4. ಪ್ರಯಾಣ ವಿಮೆಯು ಸಮುದ್ರದಲ್ಲಿನ ಚಿಕಿತ್ಸೆಗೂ ಅನ್ವಯಿಸುವುದೇ?
5. ಕಂಪನಿಯ ಬಹುಮಾನವಾದರೆ ಅದಕ್ಕೆ ಕಟ್ಟಿರುವ ಮೌಲ್ಯವೆಷ್ಟು? ಅದರ ಬದಲು ನಗದು ರಿಯಾಯಿತಿ ದೊರೆಯುವುದೇ?

ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚ ಬೇಡ. ಗುರಿ ಮುಟ್ಟಿದ ವರ್ತಕನಿಗೆ ಅದನ್ನು ಕೇಳುವ ಅರ್ಹತೆ ಇದ್ದೇ ಇದೆ.