ನಿಮಗಿದು ಗೊತ್ತೆ? ಕೋಲಾರದ ಗುಹೆಯ ಅಪರೂಪದ ಬಾವಲಿ

ಜಗತ್ತಿನಲ್ಲಿ ಕೋಲಾರ ಜಿಲ್ಲೆ ಬಿಟ್ಟು ಬೇರೆಲ್ಲೂ ಕಾಣಸಿಗದ ಬಾವಲಿಯೊಂದಿದೆ! ಹೆಸರು ಕೋಲಾರ ಎಲೆಮೂಗಿನ ಬಾವಲಿ.

● ವಿಜ್ಞಾನ ಲೋಕಕ್ಕೆ ಇದರ ಪರಿಚಯವಾದದ್ದು 1994ರಲ್ಲಿ.

● ಈಗ ಉಳಿದಿರುವ ನೆಲೆ ಹನುಮನಹಳ್ಳಿಯ ಒಂದೇ ಗುಹೆ. ತೇರಹಳ್ಳಿಯ ನೆಲೆ ಆಗಲೇ ಬರಿದಾಗಿದೆ.

● ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು 'ತೀವ್ರ ಅಪಾಯದಂಚಿನ' ಜೀವಿ. ಬೆಟ್ಟ ಕರಗಿಸುವ ಗ್ರಾನೈಟ್ ಗಣಿಗಾರಿಕೆಯೇ ದೊಡ್ಡ ಶತ್ರು.

● ಇದರ ಆಹಾರ ಕೀಟಗಳು. ಕೀಟ ತಿನ್ನುವ ಬಾವಲಿಗಳು ಬೆಳೆಗಾರರಿಗೆ ಕೂಲಿ ಕೇಳದ ಕಾವಲುಗಾರರು.

● ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಬೆಟ್ಟದ ಮೇಲೆ ಬಿದ್ದ ಮಳೆಯೇ ಕೆರೆಗೆ ಆಧಾರ. ಬೆಟ್ಟ ಉಳಿದರೆ ಬಾವಲಿಗೆ ನೆಲೆ, ಕೆರೆಗೆ ನೀರು, ರೈತನಿಗೆ ಬದುಕು.