ವಿಮಾನದ ನೊಗ

ನೊಗವೆಂದರೇನೆಂದು ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಎರಡು ಎತ್ತುಗಳ ಹೆಗಲ ಮೇಲೆ ಅಡ್ಡಲಾಗಿ ಕೂಡುವ ಆ ಮರ ಬಂಡಿಯನ್ನು ಎಳೆಯುವುದಕ್ಕಾಗಿ ಮಾತ್ರವೇ ಇರುವುದಲ್ಲ. ಒಂದು ಎತ್ತು ತಡವರಿಸಿದರೆ ಆ ಸುದ್ದಿಯನ್ನು ಅದು ತಕ್ಷಣವೇ ಇನ್ನೊಂದರ ಹೆಗಲಿಗೆ ಮುಟ್ಟಿಸುತ್ತದೆ. ಹೊಸ ಹೋರಿಯನ್ನು ಪಳಗಿಸುವ ರೈತ ಅದನ್ನು ಅನುಭವಿ ಎತ್ತಿನ ಜೊತೆಗೆ ಹೂಡುವುದು ಇದಕ್ಕಾಗಿಯೇ. ವಿಮಾನದ ಪೈಲಟ್ಟನ ಎದುರಿಗಿರುವ ಹಿಡಿಗೂ ಇಂಗ್ಲಿಷಿನಲ್ಲಿ ಯೋಕ್, ಅಂದರೆ ನೊಗವೆಂದೇ ಹೆಸರು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ನಮ್ಮ ಕಡೆಯವರೇ ಆದ, ಬೋಯಿಂಗ್ ಮತ್ತು ಏರ್‌ಬಸ್ ವಿಮಾನಗಳೆರಡನ್ನೂ ನಡೆಸಿ ನಿವೃತ್ತರಾದ ಮಿತ್ರರೊಬ್ಬರು ಅದನ್ನು ಹೇಳಿದರು.

ನಾನು ಅವರನ್ನು ಕೇಳಿದ್ದು ಬೇರೆಯದೇ ಪ್ರಶ್ನೆ: ಯಾವ ವಿಮಾನದ ಕಾಕ್‌ಪಿಟ್ಟಿನಲ್ಲಿ ಕೂರುವುದು ಸುಖ? ಶಹಾಪುರದಿಂದ ಸುರಪುರಕ್ಕೆ ಹೋಗುತ್ತಿದ್ದ ಹಳೆಯ ಬಸ್ಸುಗಳಲ್ಲಿ ಇಂಜಿನ್ನಿನ ಪೆಟ್ಟಿಗೆ ಚಾಲಕನ ಮಗ್ಗುಲಲ್ಲೇ ಇರುತ್ತಿತ್ತು. ಬೇಸಿಗೆಯಲ್ಲಿ ಅದರ ಕಾವಿಗೆ ಚಾಲಕ ಬೇಯುತ್ತಿದ್ದ. ಸೀಟು ಸಿಗದೆ ಅದರ ಮೇಲೆಯೇ ಕುಳಿತ ಪ್ರಯಾಣಿಕ ಇನ್ನಷ್ಟು ಬೇಯುತ್ತಿದ್ದ. ವಾಹನ ನಡೆಸುವವನ ಸುಖವೆಂದರೆ ನನ್ನ ಕಲ್ಪನೆ ಅಷ್ಟರದು.

ಆಕಾಶದಲ್ಲಿಯೂ ಆರಂಭದ ಕಾಲ ಅಂಥದೇ. 1956ರವರೆಗೆ ನಮ್ಮ ಸೀಮೆ ಸೇರಿದ್ದ ಹೈದರಾಬಾದಿಗೆ ಡೆಕ್ಕನ್ ಏರ್‌ವೇಸ್ ಎಂಬ ತನ್ನದೇ ವಿಮಾನ ಸಂಸ್ಥೆಯಿತ್ತು. ದೇಶದ ಮೊದಲ ವಾಣಿಜ್ಯ ಮಹಿಳಾ ಪೈಲಟ್ ಪ್ರೇಮ್ ಮಾಥುರ್ ಸೇರಿದ್ದು ಆ ಸಂಸ್ಥೆಯನ್ನೇ. 1953ರ ರಾಷ್ಟ್ರೀಕರಣದಲ್ಲಿ ಅದು ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾಯಿತು. ಅದು ಹಾರಿಸುತ್ತಿದ್ದ ಡಕೋಟಾ ವಿಮಾನದ ಕಾಕ್‌ಪಿಟ್ಟಿನಲ್ಲಿ ಎರಡು ಇಂಜಿನ್ನುಗಳ ಮೊರೆತ ಕಿವಿಗಡಚಿಕ್ಕುತ್ತಿತ್ತು. ಮಳೆ ಬಂದರೆ ಗಾಜಿನ ಅಂಚಿನಿಂದ ನೀರು ಜಿನುಗಿ ಪೈಲಟ್ಟರ ತೊಡೆಯ ಮೇಲೆ ಬೀಳುತ್ತಿತ್ತು. ಆದರೆ ಇಬ್ಬರ ಮುಂದೆಯೂ ಒಂದೊಂದು ಚಕ್ರದ ಹಿಡಿ. ಎರಡಕ್ಕೂ ಒಳಗಿನಿಂದ ಗಟ್ಟಿಯಾದ ಜೋಡಣೆ. ಒಬ್ಬರು ತಿರುಗಿಸಿದರೆ ಇನ್ನೊಬ್ಬರದೂ ತಿರುಗಬೇಕು.

ಕೈಗೆ ತಿಳಿಯುವಂತೆ ಯಂತ್ರವನ್ನು ರೂಪಿಸಬೇಕೆಂಬ ಶಾಸ್ತ್ರ ಬೆಳೆದದ್ದು ಎರಡನೆಯ ಮಹಾಯುದ್ಧದಲ್ಲಿ. ಅಮೆರಿಕದ ಬಾಂಬರ್ ವಿಮಾನಗಳನ್ನು ಕ್ಷೇಮವಾಗಿ ಇಳಿಸಿದ ಮೇಲೆ ಪೈಲಟ್ಟರು ರೆಕ್ಕೆಯ ಫ್ಲಾಪುಗಳನ್ನು ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಆಲ್ಫೋನ್ಸ್ ಚಾಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ನೋಡಿದಾಗ ಎರಡಕ್ಕೂ ಇದ್ದದ್ದು ಒಂದೇ ಬಗೆಯ, ಅಕ್ಕಪಕ್ಕದ ಹಿಡಿಗಳು. ತಪ್ಪು ಕೈಯದಲ್ಲ, ಹಿಡಿಯದು. ಚಕ್ರದ ಹಿಡಿಯ ತುದಿಗೆ ಪುಟ್ಟ ಗಾಲಿಯನ್ನೂ ಫ್ಲಾಪಿನ ಹಿಡಿಗೆ ರೆಕ್ಕೆಯಾಕಾರದ ತುಂಡನ್ನೂ ಕೂಡಿಸಿದ ಮೇಲೆ ಆ ಬಗೆಯ ತಪ್ಪು ನಿಂತಿತು. ಇಂದಿನ ವಿಮಾನಗಳಲ್ಲಿಯೂ ಆ ಆಕಾರಗಳು ಉಳಿದುಕೊಂಡಿವೆ.

ಇನ್ನು ನನ್ನ ಪ್ರಶ್ನೆಗೆ ಉತ್ತರ. 1967ರಲ್ಲಿ ಮೊದಲು ಹಾರಿದ ಬೋಯಿಂಗ್ 737ರ ಕಾಕ್‌ಪಿಟ್ ಇಕ್ಕಟ್ಟು, ಗದ್ದಲ ಹೆಚ್ಚು, ತಲೆಯ ಮೇಲೆ ಸ್ವಿಚ್ಚುಗಳ ಸಂತೆ. ಇಪ್ಪತ್ತು ವರ್ಷಗಳ ಅನಂತರ, 1987ರಲ್ಲಿ ಮೊದಲು ಹಾರಿದ ಏರ್‌ಬಸ್ 320ರ ಒಡಲು ಅದಕ್ಕಿಂತ ಸುಮಾರು 20 ಸೆಂಟಿಮೀಟರು ಅಗಲ. ಅಷ್ಟೇ ಅಲ್ಲ, ಅದರಲ್ಲಿ ನೊಗವನ್ನೇ ತೆಗೆದುಹಾಕಿದರು. ಪೈಲಟ್ಟನ ಪಕ್ಕದಲ್ಲಿ ಒಂದು ಚಿಕ್ಕ ಕೋಲು. ಅದನ್ನು ಅಲುಗಿಸಿದರೆ ಕಂಪ್ಯೂಟರ್ ಅದರ ಅರ್ಥವನ್ನು ರೆಕ್ಕೆಗೂ ಬಾಲಕ್ಕೂ ತಿಳಿಸುತ್ತದೆ. ಎದುರಿಗೆ ಖಾಲಿಯಾದ ಜಾಗದಲ್ಲಿ ಎಳೆದುಕೊಳ್ಳುವ ಮೇಜು ಬಂದಿತು. ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು ಉಂಡವರಿಗೆ ಆ ಮೇಜು ಒಂದು ವರ. ಕೂರುವ ಸುಖದ ಮಟ್ಟಿಗೆ ಏರ್‌ಬಸ್ಸೇ ಮೇಲೆಂದು ನನ್ನ ಮಿತ್ರರು ಸಂಕೋಚವಿಲ್ಲದೆ ಒಪ್ಪಿದರು.

ಆದರೆ ಆ ಎರಡು ಕೋಲುಗಳ ನಡುವೆ ಜೋಡಣೆಯಿಲ್ಲ. ಒಬ್ಬರು ತಮ್ಮ ಕೋಲನ್ನು ಹಿಂದಕ್ಕೆ ಎಳೆದರೂ ಇನ್ನೊಬ್ಬರ ಕೋಲು ಅಲುಗುವುದಿಲ್ಲ. ಇಂಜಿನ್ನಿನ ಶಕ್ತಿಯನ್ನು ಏರಿಳಿಸುವ ಸನ್ನೆಗಳ ಕಥೆಯೂ ಹಾಗೆಯೇ. ಬೋಯಿಂಗಿನಲ್ಲಿ ಯಂತ್ರ ತಾನಾಗಿ ಶಕ್ತಿಯನ್ನು ಬದಲಿಸಿದಾಗ ಸನ್ನೆಗಳೂ ಸರಿಯುತ್ತವೆ, ಅಂಗೈಗೆ ಅದು ತಿಳಿಯುತ್ತದೆ. ಏರ್‌ಬಸ್ಸಿನಲ್ಲಿ ಅವು ನಿಂತಲ್ಲೇ ನಿಂತಿರುತ್ತವೆ. ಇಂಜಿನ್ ಏನು ಮಾಡುತ್ತಿದೆಯೆಂಬುದನ್ನು ಪರದೆಯ ಮೇಲೆ ಓದಿಕೊಳ್ಳಬೇಕು.

1990ರ ಫೆಬ್ರವರಿ 14ರ ಮಧ್ಯಾಹ್ನ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ 320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುವುದರಲ್ಲಿತ್ತು. ಆ ಬಗೆಯ ವಿಮಾನಗಳು ದೇಶಕ್ಕೆ ಬಂದು ವರ್ಷ ತುಂಬಿರಲಿಲ್ಲ. ಆಕಾಶ ತಿಳಿಯಾಗಿತ್ತು. ಒಬ್ಬ ಪೈಲಟ್ ನಡೆಸುತ್ತಿದ್ದರು, ಇನ್ನೊಬ್ಬರು ಅವರನ್ನು ಪರೀಕ್ಷಿಸುತ್ತಿದ್ದರು; ನಮ್ಮ ರೈತನ ಮಾತಿನಲ್ಲಿ ಹೇಳುವುದಾದರೆ ಅದು ಪಳಗಿಸುವ ಜೋಡಿ. ಸ್ವಯಂಚಾಲಿತ ವ್ಯವಸ್ಥೆ ಇಂಜಿನ್ನುಗಳನ್ನು ಕನಿಷ್ಠ ಶಕ್ತಿಯಲ್ಲಿ ಇಳಿಸಿಟ್ಟಿತ್ತು. ವೇಗ ಕುಸಿಯುತ್ತ ಹೋಯಿತು. ಅದು ಅರಿವಿಗೆ ಬಂದು ಸನ್ನೆಗಳನ್ನು ಮುಂದಕ್ಕೆ ತಳ್ಳುವ ಹೊತ್ತಿಗೆ ಇಂಜಿನ್ನುಗಳು ಶಕ್ತಿ ತುಂಬಿಕೊಳ್ಳಲು ಬೇಕಾದ ಕೆಲವು ಸೆಕೆಂಡುಗಳೂ ಉಳಿದಿರಲಿಲ್ಲ. ವಿಮಾನ ರನ್‌ವೇಯನ್ನು ಮುಟ್ಟದೆ ಗಾಲ್ಫ್ ಮೈದಾನದಲ್ಲಿ ಅಪ್ಪಳಿಸಿತು. ಅದರಲ್ಲಿದ್ದ 146 ಜನರಲ್ಲಿ 92 ಜನ ತೀರಿಕೊಂಡರು. ಸರ್ಕಾರ ಆ ಬಗೆಯ ವಿಮಾನಗಳನ್ನೆಲ್ಲ ಕೆಲವು ತಿಂಗಳು ನೆಲದ ಮೇಲೆಯೇ ನಿಲ್ಲಿಸಿತು. ಪೈಲಟ್ಟರು ಅಪಾಯವನ್ನು ಸಕಾಲದಲ್ಲಿ ಗ್ರಹಿಸಲಿಲ್ಲವೆಂಬುದು ವಿಚಾರಣೆಯ ನಿರ್ಣಯ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಸನ್ನೆಗಳು ಅಂಗೈಯ ಕೆಳಗೆ ಹಿಂದಕ್ಕೆ ಸರಿದಿದ್ದರೆ ಅವರು ಎಚ್ಚೆತ್ತುಕೊಳ್ಳುತ್ತಿದ್ದರೇ ಎಂಬ ಪ್ರಶ್ನೆಯನ್ನು ಆ ನಿರ್ಣಯ ನನ್ನ ಮನಸ್ಸಿನಿಂದ ತೆಗೆದುಹಾಕಿಲ್ಲ.

ನೊಗವಿಲ್ಲದ ಜೋಡಿಯ ಕಷ್ಟ ಇನ್ನೂ ನಿಚ್ಚಳವಾಗಿ ಕಂಡದ್ದು 2009ರ ಜೂನ್ 1ರಂದು, ಅಟ್ಲಾಂಟಿಕ್ ಸಾಗರದ ಮೇಲೆ. ಏರ್ ಫ್ರಾನ್ಸಿನ ಏರ್‌ಬಸ್ 330ರಲ್ಲಿ ವೇಗವನ್ನು ಅಳೆಯುವ ಕೊಳವೆಗಳು ಹಿಮ ಕಟ್ಟಿದವು. ಗಾಬರಿಗೊಂಡ ಕಿರಿಯ ಪೈಲಟ್ ಕೋಲನ್ನು ಹಿಂದಕ್ಕೆಳೆದದ್ದು ಪಕ್ಕದವರಿಗೆ ತಿಳಿಯಲಿಲ್ಲ. ಅವರು ಎಳೆಯುತ್ತಲೇ ಇದ್ದರೆಂಬುದು ಮಾತಿನಿಂದ ಹೊರಬಿದ್ದಾಗ ಹೊತ್ತು ಮೀರಿತ್ತು. 228 ಜನ ಮಡಿದರು.

ಇಷ್ಟು ಹೇಳಿ ಏರ್‌ಬಸ್ಸನ್ನು ದೂರುವುದು ಅನ್ಯಾಯವಾದೀತು. ಅದರ ಕಂಪ್ಯೂಟರ್ ಮನುಷ್ಯನ ಎಷ್ಟೋ ತಪ್ಪುಗಳನ್ನು ತಡೆಯುತ್ತದೆ. ಇಬ್ಬರೂ ಏಕಕಾಲಕ್ಕೆ ಕೋಲು ಅಲುಗಿಸಿದರೆ ಕೂಗಿ ಎಚ್ಚರಿಸುವ ಏರ್ಪಾಡೂ ಅದರಲ್ಲಿದೆ. ಅದೇ 2009ರ ಜನವರಿಯಲ್ಲಿ ಎರಡೂ ಇಂಜಿನ್ ನಿಂತು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿದು, ಒಳಗಿದ್ದ 155 ಜನರನ್ನೂ ಉಳಿಸಿದ್ದು ಏರ್‌ಬಸ್ 320ನೇ. ನೊಗವಾದರೂ ಅಭೇದ್ಯವಲ್ಲ. 2014ರಲ್ಲಿ ಆಸ್ಟ್ರೇಲಿಯದ ಎಟಿಆರ್ ವಿಮಾನವೊಂದರಲ್ಲಿ ಇಬ್ಬರು ಪೈಲಟ್ಟರು ನೊಗವನ್ನು ಒಬ್ಬರಿಗೊಬ್ಬರು ವಿರುದ್ಧವಾಗಿ ಸೆಳೆದಾಗ ಜೋಡಣೆ ಕಳಚಿ ಬಾಲಕ್ಕೇ ಏಟು ಬಿದ್ದಿತು.

ನಮಗೆ ಹತ್ತಿರದ ಕಲಬುರಗಿಯಲ್ಲಿ 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ತೆರೆದಾಗ ಮೊದಲು ಬೆಂಗಳೂರಿನ ದಾರಿ ಹಿಡಿದದ್ದು ಸ್ಟಾರ್ ಏರ್‌ನ 50 ಸೀಟುಗಳ ಎಂಬ್ರೇಯರ್. ಅದಕ್ಕೂ ನೊಗವಿದೆ, ನಡುವೆ ತಗ್ಗಿ ಎರಡು ಬದಿಗೂ ಬಾಗಿದ ಅದರ ಆಕಾರವನ್ನು ಕಂಡು ಪೈಲಟ್ಟರು ಟಗರಿನ ಕೊಂಬು ಎನ್ನುತ್ತಾರೆ. ಇನ್ನೊಂದು ಕಡೆ, 2018ರಲ್ಲಿ ಮಾನ್ಯತೆ ಪಡೆದ ಗಲ್ಫ್‌ಸ್ಟ್ರೀಮ್ ಜಿ500 ಎಂಬ ಪುಟ್ಟ ಜೆಟ್ಟಿನಲ್ಲಿ ಪಕ್ಕದ ಕೋಲುಗಳನ್ನೇ ವಿದ್ಯುತ್ತಿನಿಂದ ಜೋಡಿಸಿದ್ದಾರೆ: ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಕಣ್ಣಿಗೆ ಕಾಣದ ನೊಗ.

ಮಿತ್ರರನ್ನು ಕೊನೆಗೆ ಮತ್ತೊಮ್ಮೆ ಕೇಳಿದೆ. ಊಟದ ಹೊತ್ತಿಗೆ ಏರ್‌ಬಸ್ ಇರಲಿ, ಮಳೆಗಾಲದ ರಾತ್ರಿ ಇಳಿಯುವಾಗ ಬೋಯಿಂಗ್ ಕೊಡಿ ಎಂದರು. ಅವರು ಈಗ ಸುರಪುರದ ಹತ್ತಿರದ ತಮ್ಮ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾರೆ. ಅದರ ಸೀಟಿನ ಬಗೆಗೆ ಅವರ ಅಭಿಪ್ರಾಯ ಅಚ್ಚಿಗೆ ಯೋಗ್ಯವಲ್ಲ.