ಭಂಗಾರಕ್ಕೆ ಹೋಗದ ಗಣಕ

ಊರು ಬಿಟ್ಟು ಬಂದು ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥವರ ಮನೆಗಳಲ್ಲಿ ಹಳೆಯ ವಸ್ತುವನ್ನು ತಟ್ಟನೆ ಎಸೆಯುವ ರೂಢಿ ಇಲ್ಲ. ಕೆಟ್ಟ ರೇಡಿಯೋ, ಹಿಡಿಕೆ ಹೋದ ಕುಕ್ಕರು, ಕಾಲು ಮುರಿದ ಮಣೆ ಇವೆಲ್ಲ ಕಪಾಟಿನ ಮೇಲೋ ಮಂಚದ ಕೆಳಗೋ 'ಇರಲಿ, ಎಂದಾದರೂ ಬೇಕಾದೀತು' ಎಂಬ ಅಭಯ ಪಡೆದು ಕುಳಿತಿರುತ್ತವೆ. ಈಚೆಗೆ ಈ ಪಂಕ್ತಿಗೆ ನೆಟ್‌ಬುಕ್ಕು ಎಂಬ ಪುಟ್ಟ ಗಣಕವೂ ಬಂದು ಸೇರಿದೆ. ವಾಚಕರಲ್ಲಿ ಹಲವರ ಮನೆಯಲ್ಲಿ ಅದೊಂದು ಇದ್ದೀತು. ಅದನ್ನು ಮತ್ತೆ ಕೆಲಸಕ್ಕೆ ಹಚ್ಚುವ ಬಗೆ ಯಾವುದು, ಹಚ್ಚಿದರೆ ಬರುವ ಲಾಭವೇನು, ಅದರ ಮಿತಿ ಎಲ್ಲಿಗೆ ಎಂಬುದನ್ನು ನಮ್ಮ ಮನೆಯ ಅನುಭವದಿಂದಲೇ ಅರಿಕೆ ಮಾಡುತ್ತಿದ್ದೇವೆ.

ನೆಟ್‌ಬುಕ್ಕಿನ ವೈಭವದ ಕಾಲ ಬಹಳ ಸಣ್ಣದು. 2007ರ ಕೊನೆಯಲ್ಲಿ ತೈವಾನಿನ ಆಸುಸ್ ಕಂಪನಿಯವರು ಏಳು ಅಂಗುಲದ ಪರದೆಯ 'ಈ ಪಿಸಿ'ಯನ್ನು ಮಾರಾಟಕ್ಕೆ ತಂದರು. ಮರುವರ್ಷ ಇಂಟೆಲ್ ಕಂಪನಿಯ ಆಟಮ್ ಎಂಬ, ವಿದ್ಯುತ್ತನ್ನು ಮಿತವಾಗಿ ಬಳಸುವ ಪ್ರೊಸೆಸರು ಬಂದಿತು. ಉಳಿದ ಕಂಪನಿಗಳೂ ಹಿಂಬಾಲಿಸಿದವು. 2010ರಲ್ಲಿ ಐಪ್ಯಾಡು ಬಂದ ಮೇಲೆ ಜನರ ಕಣ್ಣು ಅತ್ತ ಹೊರಳಿ, ಮೂರು ನಾಲ್ಕು ವರ್ಷಗಳಲ್ಲಿ ನೆಟ್‌ಬುಕ್ಕು ಅಂಗಡಿಗಳಿಂದ ಕಾಣೆಯಾಯಿತು. ಒಂದು ಸ್ವಾರಸ್ಯವೇನೆಂದರೆ, ಆ ಮೊದಲನೆಯ ಈ ಪಿಸಿ ಹುಟ್ಟಿದ್ದೇ ಲಿನಕ್ಸಿನೊಂದಿಗೆ. ಕೊಳ್ಳುವವರು ರೂಢಿಯಾದ ವಿಂಡೋಸೇ ಬೇಕೆಂದರು, ಬೇಗನೆ ವಿಂಡೋಸ್ ಎಕ್ಸ್‌ಪಿ ಬಂದು ಆ ಸ್ಥಾನದಲ್ಲಿ ಕುಳಿತಿತು. ಆದುದರಿಂದ ಹಳೆಯ ನೆಟ್‌ಬುಕ್ಕಿಗೆ ಲಿನಕ್ಸು ಹಾಕುವುದೆಂದರೆ ಅದನ್ನು ತವರಿಗೆ ಕಳಿಸಿದಂತೆಯೇ ಸರಿ.

ನಮ್ಮ ಮನೆಯದು ಅಣ್ಣ 2009ರಲ್ಲಿ ಕೊಂಡದ್ದು. ಹತ್ತು ಅಂಗುಲದ ಪರದೆ, ಎನ್270 ಎಂಬ ಆಟಮ್ ಪ್ರೊಸೆಸರು, 1 ಜಿ.ಬಿ. ರ‍್ಯಾಮು, 160 ಜಿ.ಬಿ.ಯ ಡಿಸ್ಕು, ವಿಂಡೋಸ್ ಎಕ್ಸ್‌ಪಿ. ಅಣ್ಣ ದೊಡ್ಡದೊಂದನ್ನು ಕೊಂಡ ಮೇಲೆ ಇದು ನಮ್ಮ ತಂದೆಯವರ ಪಾಲಿಗೆ ಬಂದಿತು. ಧಾರವಾಡ ಜಿಲ್ಲೆಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾಗಿ ಪುಣೆಗೆ ನಮ್ಮಲ್ಲಿಗೆ ಬಂದಿದ್ದ ಅವರು, ಅರವತ್ತಾರನೆಯ ವಯಸ್ಸಿನಲ್ಲಿ 'ನುಡಿ' ತಂತ್ರಾಂಶದಲ್ಲಿ ಒಂದೇ ಬೆರಳಿನಿಂದ ಕನ್ನಡ ಒತ್ತುವುದನ್ನು ಕಲಿತರು. ಬರೆದದ್ದು ಏನು? ಮನೆತನದ ವಂಶಾವಳಿ, ಅಜ್ಜಿ ಬೀಸುವಾಗ ಹೇಳುತ್ತಿದ್ದ ಪದಗಳು, ಊರ ಕೆರೆ ಕಟ್ಟಿದ ಕಥೆ, ಅವ್ವನಿಂದ ಕೇಳಿ ಬರೆದುಕೊಂಡ ಕರಿಂಡಿಯ ಹದ. ಒಟ್ಟು 41 ಕಡತಗಳು. 2016ರಲ್ಲಿ ಅವರು ತೀರಿಕೊಂಡರು. ಬರೆದದ್ದೆಲ್ಲ ಆ ಡಬ್ಬಿಯೊಳಗೇ ಉಳಿಯಿತು.

ಎಕ್ಸ್‌ಪಿಗೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಸಂರಕ್ಷಣೆ 2014ರ ಏಪ್ರಿಲ್ 8ಕ್ಕೇ ಮುಗಿದಿತ್ತು. ಸಂರಕ್ಷಣೆ ಮುಗಿಯುವುದೆಂದರೆ ಯಂತ್ರ ನಿಂತುಹೋಗುತ್ತದೆಂದಲ್ಲ. ಮನೆಗೆ ಹಾಕಿದ ಕೀಲಿಯ ಲೋಪ ಕಳ್ಳರಿಗೆಲ್ಲ ತಿಳಿದ ಮೇಲೂ, ಕೀಲಿ ಮಾಡಿದವನು ಇನ್ನು ರಿಪೇರಿಗೆ ಬರುವುದಿಲ್ಲ ಎಂದಂತೆ. ಮೇಲಾಗಿ ಈಗಿನ ಅಂತರಜಾಲ ತಾಣಗಳು ಬಳಸುವ ಗುಪ್ತಲಿಪಿಯ ಹೊಸ ಪದ್ಧತಿ ಎಕ್ಸ್‌ಪಿಯ ಹಳೆಯ ಬ್ರೌಸರಿಗೆ ತಿಳಿಯದು. ಹೆಚ್ಚಿನ ತಾಣಗಳು ಬಾಗಿಲನ್ನೇ ತೆರೆಯುವುದಿಲ್ಲ.

ದುರಸ್ತಿಯ ಅಂಗಡಿಯೊಂದಕ್ಕೆ ಒಯ್ದೆವು. ಅಲ್ಲಿಯ ಹುಡುಗ ಮುಚ್ಚಳ ತೆರೆದು ನೋಡಿ, 'ಭಂಗಾರಕ್ಕೆ ಕೊಡಿ' ಎಂದು ಮರಾಠಿಯಲ್ಲಿ ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿದ. ಭಂಗಾರ ಎಂದರೆ ಇಲ್ಲಿ ಗುಜರಿ. ನಮ್ಮ ಅವ್ವನಿಗೆ ಮರಾಠಿ ಇಂದಿಗೂ ಅಷ್ಟಕ್ಕಷ್ಟೆ. ಮನೆಗೆ ಬಂದು ಹೇಳಿದರೆ, 'ಬಂಗಾರ ಅಂತ ಅವನ ಅಂದಾನಲ್ಲ, ಮತ್ಯಾಕ ಕೊಡೋದು?' ಎಂದಳು. ನಕ್ಕೆವು, ಕೊಡಲಿಲ್ಲ. ಹೊಸ ಗಣಕಕ್ಕೆ ಗುಮಾಸ್ತರ ಒಂದು ತಿಂಗಳ ಸಂಬಳದ ದೊಡ್ಡ ಪಾಲೇ ಬೇಕೆಂಬುದೂ ಅದಕ್ಕೊಂದು ಕಾರಣವೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು.

ಇನ್ನು ಲಿನಕ್ಸಿನ ವಿಷಯ. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ತೊರ್ವಾಲ್ಡ್ಸ್ ಎಂಬ ತರುಣ 1991ರ ಆಗಸ್ಟಿನಲ್ಲಿ ತಾನು ಹವ್ಯಾಸಕ್ಕಾಗಿ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಬರೆಯುತ್ತಿರುವುದಾಗಿ ಸಾರಿದ. ಅದಕ್ಕೆ ಎಂಟು ವರ್ಷ ಮೊದಲೇ, 1983ರಲ್ಲಿ, ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ ಎಂಬವರು ಎಲ್ಲರೂ ಮುಕ್ತವಾಗಿ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶಗಳ 'ಗ್ನೂ' ಯೋಜನೆಯನ್ನು ಆರಂಭಿಸಿದ್ದರು. ಇವೆರಡೂ ಕೂಡಿದುವು. ಇವನ್ನು ಇತರ ಸಲಕರಣೆಗಳೊಂದಿಗೆ ಕಟ್ಟಿಕೊಡುವ ತಂಡಗಳು ಹಲವು. ಅವುಗಳಲ್ಲಿ ಹಿರಿದಾದ ಡೆಬಿಯನ್ನನ್ನು 1993ರಲ್ಲಿ ಇಯಾನ್ ಮರ್ಡಾಕ್ ಹುಟ್ಟುಹಾಕಿದ. ತನ್ನ ಹೆಸರಿನ ಮುಂದೆ ಗೆಳತಿ ಡೆಬ್ರಾಳ ಹೆಸರನ್ನು ಕೂಡಿಸಿ ನಾಮಕರಣ ಮಾಡಿದನಂತೆ. ಇಂದಿಗೂ ಆ ಕೆಲಸ ನಡೆಯುವುದು ಸಾವಿರಾರು ಮಂದಿ ಸ್ವಯಂಸೇವಕರಿಂದ. ನಮ್ಮ ಸಂಘದ ನಾಡಹಬ್ಬದ ಸಮಿತಿ ನಡೆಯುವುದೂ ಹೀಗೆಯೇ ಅಲ್ಲವೆ? ಜಗಳವೂ ಅಷ್ಟೇ ಇರುತ್ತದೆಂದು ಕೇಳಿದ್ದೇವೆ.

ಎನ್270 ಪ್ರೊಸೆಸರು 32 ಬಿಟ್ಟಿನದು. ಈಗಿನ ಲಿನಕ್ಸುಗಳಲ್ಲಿ ಬಹುಪಾಲು 64 ಬಿಟ್ಟಿನವಕ್ಕೆ ಮಾತ್ರ. ಇದನ್ನು ಮೊದಲೇ ನೋಡಿಕೊಳ್ಳಬೇಕು. 2010ರಲ್ಲಿ ಬಂದ ಎನ್450 ಮುಂತಾದ ಆಟಮುಗಳು 64 ಬಿಟ್ಟನ್ನೂ ಬಲ್ಲವು. ನಾವು ಆರಿಸಿದ್ದು ಆಂಟಿಎಕ್ಸ್ ಎಂಬುದರ 2023ರ ಆವೃತ್ತಿಯನ್ನು. ಡೆಬಿಯನ್ 12ರ ಬುಡದ ಮೇಲೆ ಕಟ್ಟಿದ್ದು, ಬಡ ಯಂತ್ರಗಳಿಗೆಂದೇ ಹಗುರವಾಗಿ ಮಾಡಿದ್ದು, 32 ಬಿಟ್ಟಿನಲ್ಲಿಯೂ ದೊರೆಯುವಂಥದು. ಬೆಲೆ ಇಲ್ಲ.

ಮೊದಲ ಕೆಲಸ ಲಿನಕ್ಸು ಹಾಕುವುದಲ್ಲ, ಒಳಗಿನದನ್ನು ಹೊರಗೆ ತೆಗೆಯುವುದು. ತಂದೆಯವರ ಕಡತಗಳನ್ನು ಪೆನ್‌ಡ್ರೈವಿಗೊಮ್ಮೆ, ಅಣ್ಣನ ಗಣಕಕ್ಕೊಮ್ಮೆ, ಎರಡು ಕಡೆ ನಕಲು ಮಾಡಿಕೊಂಡೆವು. ಜೊತೆಗೆ ವಿಂಡೋಸಿನ ಫಾಂಟುಗಳ ಕೋಶದಿಂದ ನುಡಿಯ ಫಾಂಟುಗಳನ್ನೂ ಎತ್ತಿಟ್ಟುಕೊಂಡೆವು. ಇದನ್ನು ಯಾರೂ ಮರೆಯಬಾರದು, ಕಾರಣ ಮುಂದೆ ತಿಳಿಯುತ್ತದೆ.

ಬಳಿಕ ಅಣ್ಣನ ಗಣಕದಲ್ಲಿ ಆಂಟಿಎಕ್ಸಿನ ಕಡತವನ್ನು ಇಳಿಸಿಕೊಂಡು, ಖಾಲಿ ಪೆನ್‌ಡ್ರೈವಿನ ಮೇಲೆ ಬರೆದೆವು. ಸುಮ್ಮನೆ ನಕಲು ಮಾಡಿದರೆ ಆಗದು. ಅದಕ್ಕೆಂದೇ ರೂಫಸ್ ಮುಂತಾದ ಉಚಿತ ಸಲಕರಣೆಗಳಿವೆ. ನೆಟ್‌ಬುಕ್ಕಿನ ಗುಂಡಿ ಒತ್ತಿದೊಡನೆ ಎಫ್2 ಒತ್ತಿ, ಡಿಸ್ಕಿಗಿಂತ ಮೊದಲು ಪೆನ್‌ಡ್ರೈವನ್ನು ನೋಡುವಂತೆ ಹೇಳಿದೆವು (ಈ ಕೀ ಕಂಪನಿಗೊಂದು ಬೇರೆ). ಇಲ್ಲಿ ಲಿನಕ್ಸಿನ ದೊಡ್ಡ ಸೌಕರ್ಯವೊಂದಿದೆ. ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ಇಡೀ ವ್ಯವಸ್ಥೆಯನ್ನು ನಡೆಸಿ ನೋಡಬಹುದು. ಹೆಣ್ಣು ನೋಡುವ ಶಾಸ್ತ್ರವಿದ್ದಂತೆ! ಪರದೆ, ಧ್ವನಿ, ಕೀಲಿಮಣೆ ಎಲ್ಲ ಸರಿಯಾಗಿದ್ದವು. ವೈಫೈ ಮಾತ್ರ ಹಿಡಿಯಲಿಲ್ಲ. ಅದರ ಚಿಪ್ಪಿಗೆ ತಯಾರಕರ ಖಾಸಗಿ ತಂತ್ರಾಂಶದ ತುಣುಕೊಂದು ಬೇಕು. ನೆಟ್‌ಬುಕ್ಕಿನ ಪಕ್ಕದಲ್ಲಿ ತಂತಿಯ ಕಿಂಡಿ ಇದ್ದುದರಿಂದ ರೌಟರಿಗೆ ತಂತಿ ಸಿಕ್ಕಿಸಿ ಅದನ್ನು ತರಿಸಿಕೊಂಡೆವು.

ಇನ್ನೊಂದು ತೊಡಕು ಬೇರೆ ಬಗೆಯದು. ತಂತಿ ಹಾಕಿದರೂ ತಾಣಗಳು 'ಸುರಕ್ಷಿತವಲ್ಲ' ಎಂದು ದೂರ ಸರಿಯುತ್ತಿದ್ದವು. ನೋಡಿದರೆ ಯಂತ್ರದ ಗಡಿಯಾರ ಇನ್ನೂ 2009ರಲ್ಲೇ ಇತ್ತು! ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತರೆ, ಯಂತ್ರ ಆರಿಸಿದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತದೆ. ತಾಣಗಳ ಪ್ರಮಾಣಪತ್ರಗಳು 'ಇನ್ನೂ ಜಾರಿಗೆ ಬಂದಿಲ್ಲ'ವೆಂದು ಗಣಕ ಭಾವಿಸುತ್ತದೆ. ತಾರೀಖು ತಿದ್ದಿದೊಡನೆ ಬಾಗಿಲುಗಳು ತೆರೆದವು. ಹಳೆಯ ಯಂತ್ರ ಅಂತರಜಾಲಕ್ಕೆ ಹೋಗದಿದ್ದರೆ ಮೊದಲು ಗಡಿಯಾರ ನೋಡಿರಿ.

ಅನುಸ್ಥಾಪನೆಗೆ ಹಿಡಿದದ್ದು ಮುಕ್ಕಾಲು ತಾಸು. ಕೇಳುವ ಪ್ರಶ್ನೆಗಳು ಕೆಲವೇ: ಇಡೀ ಡಿಸ್ಕು ಅಳಿಸಬಹುದೆ, ಯಾವ ಸಮಯವಲಯ, ಬಳಸುವವರ ಹೆಸರು, ಗುಪ್ತಪದ. ಎಕ್ಸ್‌ಪಿ ಏಳಲು ನಾಲ್ಕೈದು ನಿಮಿಷ ಬೇಕಾಗುತ್ತಿತ್ತು. ಈಗ ಒಂದು ನಿಮಿಷದ ಮೇಲೆ ಸ್ವಲ್ಪ.

ಇಷ್ಟಾದ ಮೇಲೆ ನಿಜವಾದ ಕೆಲಸ. ತಂದೆಯವರ ಮೊದಲ ಕಡತವನ್ನು ಲಿಬ್ರೆ ಆಫೀಸಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ! ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರಗಳು, ಚುಕ್ಕೆಗಳು, ನಡುನಡುವೆ ಇಂಗ್ಲೆಂಡಿನ ಪೌಂಡಿನ ಗುರುತು. ಅವ್ವ ಹಿಂದೆ ನಿಂತಿದ್ದಳು. 'ಎಲ್ಲಾ ಅಳಿಸಿ ಹೋತೇನೋ?' ಎಂದಳು. ಅಳಿಸಿರಲಿಲ್ಲ. ಹಳೆಯ ನುಡಿಯಲ್ಲಿ ಕನ್ನಡಕ್ಕೆಂದು ಬೇರೆ ಸಂಕೇತಗಳಿರಲಿಲ್ಲ. ಇಂಗ್ಲಿಷಿನ ಮನೆಗಳಲ್ಲಿಯೇ ಕನ್ನಡದ ಅಕ್ಷರಚೂರುಗಳನ್ನು ಬಾಡಿಗೆಗೆ ಇರಿಸಿದ್ದರು. 'ಕ' ಎಂಬುದು ಒಳಗೆ ಇಂಗ್ಲಿಷಿನ ದೊಡ್ಡ 'ಪಿ' ಮತ್ತು ಗೀಟು ಹೊತ್ತ 'ಎ'. 'ನ'ದಲ್ಲಿ ಅಡಗಿರುವುದೇ ಆ ಪೌಂಡಿನ ಗುರುತು. ಫಾಂಟಿದ್ದರೆ ಕನ್ನಡ, ಇಲ್ಲದಿದ್ದರೆ ಗೋಜಲು. ಎತ್ತಿಟ್ಟುಕೊಂಡಿದ್ದ ಫಾಂಟುಗಳನ್ನು ಲಿನಕ್ಸಿನ ಫಾಂಟು ಕೋಶಕ್ಕೆ ಹಾಕಿ ಮತ್ತೆ ತೆರೆದೆವು. ವಂಶಾವಳಿ ಮೊದಲ ಸಾಲಿನಿಂದಲೇ ಓದಲು ಬಂದಿತು. ಅವ್ವ ಏನೂ ಮಾತಾಡದೆ ಒಳಗೆ ಹೋದಳು.

ಆದರೆ ಅಷ್ಟಕ್ಕೇ ಬಿಟ್ಟರೆ ನಾಳೆ ಫಾಂಟು ಕಳೆದುಹೋದ ದಿನ ಮತ್ತೆ ಅದೇ ಪಾಡು. ಆದ್ದರಿಂದ ಅವನ್ನು ಯೂನಿಕೋಡಿಗೆ, ಎಂದರೆ ಕನ್ನಡಕ್ಕೆ ತನ್ನದೇ ಸ್ವಂತ ಮನೆಗಳಿರುವ ಜಾಗತಿಕ ಸಂಕೇತಕ್ಕೆ, ಬದಲಾಯಿಸಬೇಕು. ಇದಕ್ಕೆ ಉಚಿತ ಪರಿವರ್ತಕಗಳಿವೆ. ಒಂದೊಂದು ಕಡತವೂ ಕ್ಷಣದಲ್ಲಿ ಬದಲಾಗುತ್ತದೆ. ಆದರೆ ಕಣ್ಣಿಟ್ಟು ಓದಲೇಬೇಕು. ಅರ್ಕಾವತ್ತು ಹಳೆಯ ಪದ್ಧತಿಯಲ್ಲಿ ನಾವು ಕೈಯಲ್ಲಿ ಬರೆಯುವಂತೆ ಅಕ್ಷರದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ 'ರ' ಮುಂದೆ. ಒತ್ತಕ್ಷರ ಹೆಚ್ಚಾದಲ್ಲಿ ಪರಿವರ್ತಕ ತಡವರಿಸುವುದುಂಟು. ರವಿವಾರಕ್ಕೊಂದೆರಡು ಕಡತದಂತೆ ನಾವು ತಿದ್ದುತ್ತಿದ್ದೇವೆ, 29 ಮುಗಿದಿವೆ. ಬೀಸುವ ಪದಗಳಲ್ಲಿ ಬರುವ ಹಳ್ಳಿಯ ಮಾತುಗಳು ತಪ್ಪೋ ಒಪ್ಪೋ ಎಂದು ನಮಗೂ ತಿಳಿಯದಿದ್ದಾಗ ಅವ್ವನನ್ನು ಕರೆಯುತ್ತೇವೆ. ಅವಳು ಓದುವುದಿಲ್ಲ, ಹಾಡಿ ತೋರಿಸುತ್ತಾಳೆ.

ಕನ್ನಡ ಬರೆಯುವುದಕ್ಕೂ ಕೊರತೆ ಇಲ್ಲ. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಫಾಂಟುಗಳು ಡೆಬಿಯನ್ನಿನ ಭಂಡಾರದಲ್ಲಿಯೇ ಇವೆ. ಐಬಸ್ ಮತ್ತು ಎಂ17ಎನ್ ಎಂಬವನ್ನು ಹಾಕಿಕೊಂಡರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ದೊರೆಯುತ್ತದೆ. ನುಡಿಯದೂ ಅದೇ, ಒತ್ತಕ್ಷರಕ್ಕೆ 'ಎಫ್' ಒತ್ತುವ ಅಭ್ಯಾಸವಿದ್ದವರು ಹೊಸದೇನೂ ಕಲಿಯಬೇಕಿಲ್ಲ. ಮರಾಠಿ ಊರಿನ ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಗಳು ಈಗ ಅಜ್ಜನ ಯಂತ್ರದಲ್ಲಿ ಅಜ್ಜನ ಕೀಲಿಗಳನ್ನೇ ಒತ್ತಿ ಬಳ್ಳಾರಿಯ ಅತ್ತೆಗೆ ಕನ್ನಡದಲ್ಲಿ ಪತ್ರ ಬರೆಯುತ್ತಾಳೆ. ಕಾಗುಣಿತ ತಪ್ಪಿರುತ್ತದೆ, ಅತ್ತೆ ತಿದ್ದಿ ಕಳಿಸುತ್ತಾರೆ.

ಇನ್ನು ಮಿತಿಗಳು. ಈ ಯಂತ್ರದಲ್ಲಿ ಸಿನಿಮಾ ನೋಡುವ ಆಸೆ ಬೇಡ. ಒಮ್ಮೆಗೆ ಎರಡು ತಾಣ ತೆರೆದರೆ ಏದುಸಿರು ಬಿಡುತ್ತದೆ. ಇಂಥ ಯಂತ್ರಗಳಲ್ಲಿ ರ‍್ಯಾಮನ್ನು 2 ಜಿ.ಬಿ.ಗೆ ಏರಿಸಬಹುದು, ಅದಕ್ಕೆ ಮೀರಿ ಇಲ್ಲ. ಬ್ಯಾಂಕಿನ ವ್ಯವಹಾರವನ್ನು ನಾವು ಇದರಲ್ಲಿ ಮಾಡುವುದಿಲ್ಲ, ಬೇರೆಯವರಿಗೂ ಬೇಡವೆಂದೇ ಹೇಳುತ್ತೇವೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13, 32 ಬಿಟ್ಟಿನ ಗಣಕಗಳಿಗೆ ಅನುಸ್ಥಾಪನೆಯ ವ್ಯವಸ್ಥೆಯನ್ನು ಕೈಬಿಟ್ಟಿದೆ. ಫೈರ್‌ಫಾಕ್ಸ್ ಬ್ರೌಸರಿನವರೂ ಅದೇ ವರ್ಷ 32 ಬಿಟ್ಟಿನ ಲಿನಕ್ಸಿಗೆ ಬೆಂಬಲ ನಿಲ್ಲಿಸುವುದಾಗಿ ಸಾರಿದರು. ಡೆಬಿಯನ್ 12ರ ದೀರ್ಘಾವಧಿ ಸಂರಕ್ಷಣೆಗೆ ಹಾಕಿರುವ ಗಡುವು 2028ರ ಜೂನ್. ಅಂದರೆ ನಮಗೆ ದೊರೆತಿರುವುದು ಕೆಲವು ವರ್ಷಗಳ ಬಿಡುವು ಮಾತ್ರ. ಅಷ್ಟರೊಳಗೆ 41 ಕಡತಗಳೂ ಮುಗಿಯುತ್ತವೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಸಂರಕ್ಷಣೆಯೂ ಮುಗಿದುದರಿಂದ, ನೆಟ್‌ಬುಕ್ಕಿಗಿಂತ ದೊಡ್ಡ, ಗಟ್ಟಿಮುಟ್ಟಾದ ಗಣಕವುಳ್ಳವರಿಗೂ ಇದೇ ಪ್ರಶ್ನೆ ಎದುರಾಗಿದೆ. ಅವರ ದಾರಿ ನಮ್ಮದಕ್ಕಿಂತ ಸುಗಮ. 64 ಬಿಟ್ಟಿನ ಯಂತ್ರಕ್ಕೆ ಲಿನಕ್ಸ್ ಮಿಂಟ್ ಮೊದಲಾದವು ತಕರಾರಿಲ್ಲದೆ ಒಗ್ಗುತ್ತವೆ. ಹಳೆಯ ನುಡಿಯಲ್ಲೋ ಬರಹದಲ್ಲೋ ಬರೆದಿಟ್ಟ ಕಡತಗಳಿದ್ದವರು ಫಾಂಟುಗಳ ಮಾತನ್ನು ಮರೆಯದಿರಲಿ. ಆಂಟಿಎಕ್ಸ್ ಬರೆದ ಪೆನ್‌ಡ್ರೈವೊಂದನ್ನು ಸಂಘದ ಗ್ರಂಥಾಲಯದ ಕಪಾಟಿನಲ್ಲಿ ಇರಿಸಿದ್ದೇವೆ. ಬೇಕಾದವರು ಪುಸ್ತಕದಂತೆಯೇ ಸಹಿ ಮಾಡಿ ಒಯ್ಯಬಹುದು. ಹದಿನೈದು ದಿನಗಳಲ್ಲಿ ತಂದುಕೊಡಬೇಕು.